ಸರ್ಕಲ್ಲಿನ ನಡುವೆ ನಿಂತ ಬೈಕು

ಬೈಕು ನಿಂತದ್ದು ಸರಿಯಾಗಿ ಸರ್ಕಲ್ಲಿನ ನಡುವೆ.

ಮೊದಲು ಎರಡು ಸಲ ಕೆಮ್ಮಿತು. ಆಮೇಲೆ ಒಮ್ಮೆ ನಡುಗಿ ಸುಮ್ಮನಾಯಿತು. ಹಿಂದಿದ್ದ ಬಸ್ಸು ಕಿರ್ರೆಂದು ಬ್ರೇಕ್ ಹಾಕಿತು. ಅದರ ಹಿಂದೆ ಒಂದು ವ್ಯಾನು, ವ್ಯಾನಿನ ಹಿಂದೆ ಏಳೆಂಟು ಸ್ಕೂಟರು. ಎಲ್ಲರೂ ಒಟ್ಟಿಗೆ ಹಾರ್ನ್ ಹೊಡೆಯತೊಡಗಿದರು.

“ಸೂಜಿ, ಇಳಿ. ಫುಟ್‌ಪಾತ್ ಮೇಲೆ ನಿಂತ್ಕೋ,” ಎಂದ ಅಪ್ಪ.

ಅವಳು ತೆಳ್ಳಗೆ, ಚುರುಕಾಗಿದ್ದಳು. ಸಾಲದ್ದಕ್ಕೆ ಟೈಲರನ ಮಗಳು. ಹಾಗಾಗಿ ಮನೆಯಲ್ಲಿ ಎಲ್ಲರೂ ಅವಳನ್ನು ಸೂಜಿ ಅಂತಲೇ ಕರೆಯುತ್ತಿದ್ದರು. ಸೂಜಿ ಇಳಿದು ಬದಿಗೆ ಓಡಿದಳು.

ಅಪ್ಪ ಕಿಕ್ ಹೊಡೆದ. ಏನೂ ಆಗಲಿಲ್ಲ. ಮತ್ತೆ ಹೊಡೆದ. ಬಸ್ಸಿನ ಡ್ರೈವರ್ ಕಿಟಕಿಯಿಂದ ತಲೆ ಹೊರಹಾಕಿ, ಇದನ್ನು ಮ್ಯೂಸಿಯಮ್ಮಿನಿಂದ ಯಾಕೆ ತಂದಿರಿ ಎಂದು ಕೇಳಿದ. ಜನ ನಕ್ಕರು. ಇಸ್ತ್ರಿ ಮಾಡಿದ್ದ ಅಪ್ಪನ ಬಿಳಿ ಅಂಗಿ ಬೆವರಿಗೆ ಒದ್ದೆಯಾಗಿ ಬೆನ್ನಿಗೆ ಅಂಟಿಕೊಂಡಿತ್ತು.

ಫುಟ್‌ಪಾತಿನಲ್ಲಿ ಸೂಜಿಯ ಕ್ಲಾಸಿನ ಮೂವರು ನಿಂತು ನೋಡುತ್ತಿದ್ದರು. ಅವಳ ಬೆಂಚಿನಲ್ಲೇ ಕೂರುವ ಗುಂಗುರು ಕೂದಲಿನ ಹುಡುಗಿ ಕೇಳಿದಳು, “ಅದು ನಿಮ್ಮಪ್ಪ ಅಲ್ವೇನೇ?”

ಸೂಜಿ ಹೆಲ್ಮೆಟ್ ತೆಗೆದು ಬೆನ್ನ ಹಿಂದೆ ಹಿಡಿದುಕೊಂಡಳು. “ಲೇಟಾಯ್ತು, ನಡೀರಿ,” ಎಂದು ಮುಂದೆ ನಡೆದೇಬಿಟ್ಟಳು. ಒಮ್ಮೆಯೂ ತಿರುಗಿ ನೋಡಲಿಲ್ಲ.

ಬೈಕು ಯಾಕೆ ನಿಂತಿತೆಂದು ಆ ಇಡೀ ಸರ್ಕಲ್ಲಿನಲ್ಲಿ ಗೊತ್ತಿದ್ದದ್ದು ಅವಳೊಬ್ಬಳಿಗೇ.

ಆ ಬೈಕು ಅಪ್ಪನಿಗಿಂತ ವಯಸ್ಸಿನಲ್ಲಿ ದೊಡ್ಡದು. ಹಳೆಯ ಗಿರಾಕಿಯೊಬ್ಬರು ಊರು ಬಿಡುವಾಗ ಅಪ್ಪನಿಗೆ ಕೊಟ್ಟುಹೋಗಿದ್ದರು. ಬಂದಾಗ ಅದರ ಸೀಟಿನೊಳಗೆ ಇಲಿಗಳ ಸಂಸಾರವಿತ್ತು. ಎಂಜಿನ್ನನ್ನು ಅಪ್ಪನ ಗೆಳೆಯ ಗ್ಯಾರೇಜ್ ಮಾಮ ನೋಡಿಕೊಂಡ. ಉಳಿದದ್ದೆಲ್ಲ ಅಪ್ಪನ ಕೆಲಸ. ಎಂಟು ತಿಂಗಳು ಒಂದು ಭಾನುವಾರವನ್ನೂ ಬಿಡಲಿಲ್ಲ. ಹಳೇ ಕೋಟನ್ನು ಬಿಚ್ಚಿ ಹೊಲಿಯುವ ಹಾಗೆಯೇ ಅಪ್ಪ ಬೈಕನ್ನೂ ಬಿಚ್ಚಿದ. ಪ್ರತಿ ಜೋಡಣೆಗೂ ಚಾಕ್‌ಪೀಸಿನಲ್ಲಿ ಗುರುತು ಹಾಕಿದ. ಬೋಲ್ಟುಗಳನ್ನೆಲ್ಲ ಗುಂಡಿಗಳ ಡಬ್ಬಿಯಲ್ಲಿ ಬೇರೆ ಬೇರೆ ಇಟ್ಟ. ಸೀಟಿಗೆ ಎರಡೆಳೆ ಹೊಲಿಗೆಯ ಹೊಸ ಕವರ್ ಹಾಕಿದ. ಎಲ್ಲ ಕೂಡಿಸಿದ ಮೇಲೆ ಒಂದು ಬೋಲ್ಟೂ ಮಿಕ್ಕಲಿಲ್ಲ. ತಾನು ಯಾವ ಗಾಡಿ ಕಟ್ಟಿದರೂ ಎರಡಾದರೂ ಮಿಕ್ಕುತ್ತವಪ್ಪ ಎಂದು ಗ್ಯಾರೇಜ್ ಮಾಮ ತಲೆ ಕೆರೆದುಕೊಂಡಿದ್ದ.

ಬೈಕು ಕಟ್ಟುವುದೇನೋ ಅಪ್ಪನಿಗೆ ಬಂತು. ಓಡಿಸುವುದು ಅಷ್ಟು ಬೇಗ ಬರಲಿಲ್ಲ.

ಇಪ್ಪತ್ತು ವರ್ಷ ಅಪ್ಪ ತುಳಿದದ್ದು ಹೊಲಿಗೆ ಮಿಷನ್. ಅದನ್ನು ತಟ್ಟನೆ ನಿಲ್ಲಿಸಬೇಕಾದರೆ ಬಲಗೈಯಲ್ಲಿ ಅದರ ಚಕ್ರವನ್ನು ಬಿಗಿಯಾಗಿ ಹಿಡಿಯಬೇಕು. ಬೈಕಿನ ಮೇಲೆ ಹೆದರಿಕೆಯಾದಾಗಲೂ ಅಪ್ಪನ ಬಲಗೈ ತನ್ನಷ್ಟಕ್ಕೆ ಬಿಗಿಯುತ್ತಿತ್ತು. ಅಲ್ಲಿರುವುದು ಆಕ್ಸಿಲರೇಟರ್, ಬಿಗಿದ ಕೈಗೆ ಅದು ತಿರುಗಿಬಿಡುತ್ತಿತ್ತು. ನಿಲ್ಲಬೇಕಾದ ಬೈಕು ಜಿಗಿಯುತ್ತಿತ್ತು. ಲೈಸೆನ್ಸ್ ಸಿಕ್ಕಿದ್ದು ಮೂರನೇ ಟೆಸ್ಟಿಗೆ. ಆಮೇಲೂ ಅಮ್ಮ ಒಂದು ತಿಂಗಳು ತಾನೇ ಹಿಂದೆ ಕೂತು ಪರೀಕ್ಷೆ ಮಾಡಿ, ನಂತರವೇ ಸೂಜಿಯನ್ನು ಕೂರಿಸಲು ಒಪ್ಪಿದ್ದಳು.

ಹದಿನೈದು ದಿನದ ಹಿಂದೆ ಅಪ್ಪ ಸೂಜಿಯನ್ನು ಸ್ಕೂಲಿನ ಗೇಟಿನಲ್ಲಿ ಇಳಿಸಿ ಹೊರಡುವಾಗ ಒಂದು ನಾಯಿ ಅಡ್ಡ ಬಂತು. ಬಲಗೈ ಬಿಗಿಯಿತು. ಬೈಕು ಹಾರಿ ಕಸದ ಡಬ್ಬಿಗೆ ಗುದ್ದಿತು. ಅಪ್ಪ ಎದ್ದು ನಿಂತಾಗ ಹೆಗಲ ಮೇಲೆ ಬಾಳೆಹಣ್ಣಿನ ಸಿಪ್ಪೆ ಇತ್ತು. ಅಂದಿನಿಂದ ಕ್ಲಾಸಿನಲ್ಲಿ ಅಪ್ಪನ ಹೆಸರು ಡಸ್ಟ್‌ಬಿನ್ ರೇಸರ್. ಸೂಜಿ ಒಳಗೆ ಬಂದರೆ ಸಾಕು, ಹಿಂದಿನ ಬೆಂಚಿನಿಂದ ‘ಬುರ್ರ್... ಧಡ್’ ಎಂದು ಸದ್ದು ಬರುತ್ತಿತ್ತು.

ನಡೆದೇ ಹೋಗ್ತೀನಿ ಎಂದು ಮನೆಯಲ್ಲಿ ಹೇಳಲು ಅವಳಿಗೆ ಬಾಯಿ ಬರಲಿಲ್ಲ. ಅದಕ್ಕೇ ಇವತ್ತು ಬೆಳಿಗ್ಗೆ ಬೇರೆ ಉಪಾಯ ಮಾಡಿದ್ದಳು. ಟ್ಯಾಂಕಿನ ಕೆಳಗೆ ಪೆಟ್ರೋಲಿಗೆ ಒಂದು ಪುಟ್ಟ ನಲ್ಲಿ ಇರುತ್ತದೆ. ಅದನ್ನು ಕಾಕ್ ಅನ್ನುತ್ತಾರೆ. ಅಪ್ಪ ರಾತ್ರಿ ಅದನ್ನು ಮುಚ್ಚಿ ಬೆಳಿಗ್ಗೆ ತೆರೆಯುತ್ತಿದ್ದ. ಇವತ್ತೂ ತೆರೆದು, ಊಟದ ಡಬ್ಬಿ ತರಲು ಒಳಗೆ ಹೋದ. ಸೂಜಿ ಬಗ್ಗಿ ಅದನ್ನು ಮತ್ತೆ ಮುಚ್ಚಿದಳು. ಬೈಕು ಸ್ಟಾರ್ಟೇ ಆಗುವುದಿಲ್ಲ, ಇಬ್ಬರೂ ನಡೆದು ಹೋಗುತ್ತೇವೆ ಎಂದುಕೊಂಡಿದ್ದಳು.

ಆದರೆ ಪೈಪಿನಲ್ಲಿ ಸ್ವಲ್ಪ ಪೆಟ್ರೋಲ್ ಉಳಿದಿತ್ತು. ಅದು ಸರ್ಕಲ್ಲಿನವರೆಗೆ ಸಾಕಾಗುವಷ್ಟು ಇತ್ತು.

ಸಂಜೆ ಸ್ಕೂಲು ಬಿಟ್ಟ ಮೇಲೆ ಸೂಜಿ ಎಂದಿನಂತೆ ಅಪ್ಪನ ಅಂಗಡಿಗೆ ಹೋದಳು. ಬೈಕು ಹೊರಗೆ ನಿಂತಿತ್ತು. ಅಪ್ಪ ಮೇಜಿನ ಮೇಲೆ ನೀಲಿ ಬಟ್ಟೆ ಹಾಸಿಕೊಂಡು ತೋಳಿನ ಅಳತೆ ತೆಗೆಯುತ್ತಿದ್ದ. ಚಾಕ್‌ಪೀಸಿನಲ್ಲಿ ಗೆರೆ ಎಳೆದ. ಕತ್ತರಿ ತೆಗೆದುಕೊಂಡ. ಮತ್ತೆ ಕೆಳಗಿಟ್ಟು ಅದೇ ತೋಳನ್ನು ಅಳೆದ. ಹೀಗೆ ಮೂರು ಸಲ ಆಯಿತು. ಅಪ್ಪ ಒಂದು ಬಟ್ಟೆಯನ್ನು ಎರಡನೇ ಸಲ ಅಳೆದದ್ದನ್ನು ಸೂಜಿ ಯಾವತ್ತೂ ನೋಡಿರಲಿಲ್ಲ.

“ಬೆಳಿಗ್ಗೆ ನಿನಗೆ ಅವಮಾನ ಆಯ್ತು ಅಲ್ವಾ?” ಅಪ್ಪ ಅವಳ ಮುಖ ನೋಡದೆ ಹೇಳಿದ. “ಕಾಕ್ ತೆರೆಯೋದನ್ನೇ ಮರೆತಿದ್ದೆ ಕಣೇ.”

ಸೂಜಿ ಹೊರಗೆ ನಿಂತಿದ್ದ ಬೈಕಿನ ಕಡೆ ನೋಡಿದಳು.

ತೆರೆದ ನೆನಪು ಬೆರಳಲ್ಲಿ ಇನ್ನೂ ಇದೆ, ಆದರೆ ನೋಡಿದರೆ ಮುಚ್ಚೇ ಇತ್ತು ಎಂದ ಅಪ್ಪ. ಇವತ್ತು ಕಾಕ್ ಮರೆತವನು ನಾಳೆ ಬ್ರೇಕ್ ಮರೆತರೆ ಗತಿಯೇನು? ಹಿಂದೆ ಮಗಳು ಕೂತಿರುತ್ತಾಳೆ. ಅದಕ್ಕೇ ಗ್ಯಾರೇಜ್ ಮಾಮನಿಗೆ ಹೇಳಿದ್ದಾನಂತೆ, ಬೈಕು ತೆಗೆದುಕೊಂಡು ಹೋಗಿ ಯಾರಿಗಾದರೂ ಕೊಟ್ಟುಬಿಡು ಅಂತ.

ಹೇಳುತ್ತಿರುವಾಗಲೇ ಗ್ಯಾರೇಜ್ ಮಾಮ ಬಂದ. ಕೈಯಲ್ಲಿ ಗ್ರೀಸು, ಬಾಯಲ್ಲಿ ತಮಾಷೆ. ವಯಸ್ಸಾದವರಿಗೆ ಮರೆವು ಬರುವುದು ಸಹಜ, ಇನ್ನು ಮೇಲೆ ಕೋಟಿಗೆ ಮೂರು ತೋಳು ಹೊಲಿಯಬೇಡಿ ಎಂದ. ಅಪ್ಪ ನಗಲಿಲ್ಲ. ಬೈಕಿನ ಬೀಗದ ಕೈ ತೆಗೆದು ಮೇಜಿನ ಮೇಲಿಟ್ಟ.

ಮಾಮ ಅದಕ್ಕೆ ಕೈ ಚಾಚಿದ.

“ಅಪ್ಪ, ಕಾಕ್ ಮುಚ್ಚಿದ್ದು ನಾನು,” ಎಂದಳು ಸೂಜಿ.

ಅಪ್ಪ ತನ್ನ ಬಲಗೈಯನ್ನು ಮೇಲೆತ್ತಿ, ಬೆರಳುಗಳನ್ನು ಮಡಚಿ ಬಿಡಿಸಿ ನೋಡಿಕೊಂಡ. “ಹಾಗಾದ್ರೆ ನಾನು ತೆರೆದಿದ್ದೆ,” ಎಂದ ಮೆಲ್ಲಗೆ. ಕಳೆದುಹೋದ ವಸ್ತು ಜೇಬಿನಲ್ಲೇ ಸಿಕ್ಕಿದವನ ಹಾಗಿತ್ತು ಅವನ ಮುಖ.

ಮಾಮನ ತಮಾಷೆ ಇಂಗಿಹೋಗಿತ್ತು. “ಪುಣ್ಯಕ್ಕೆ ಬಸ್ಸಿನ ಬ್ರೇಕ್ ಚೆನ್ನಾಗಿತ್ತು ಮಗಳೇ,” ಎಂದ. “ಇಲ್ಲಾಂದಿದ್ರೆ ನಿಮ್ಮಿಬ್ಬರನ್ನೂ ಯಾರೂ ರಿಪೇರಿ ಮಾಡೋಕಾಗ್ತಿರ್ಲಿಲ್ಲ.” ಬೀಗದ ಕೈಯನ್ನು ಮುಟ್ಟದೆ ಅವನು ಹೊರಟುಹೋದ.

ಸೂಜಿ ಏಟು ಬೀಳಬಹುದೆಂದು ಕಾದಳು. ಬೈಗುಳವಾದರೂ ಬರಲಿ ಎಂದು ಕಾದಳು. ಅಪ್ಪ ಕೇಳಿದ್ದು ಒಂದೇ ಮಾತು.

“ನನ್ನ ಜೊತೆ ಬರೋಕೆ ನಾಚಿಕೆನಾ?”

ಇಲ್ಲ ಅನ್ನಬೇಕೆಂದು ಅವಳಿಗೆ ಬಹಳ ಆಸೆಯಾಯಿತು. ಆದರೆ ಇವತ್ತಿಗೆ ಒಂದು ಸುಳ್ಳೇ ಹೆಚ್ಚಾಗಿತ್ತು. ತಲೆ ತಗ್ಗಿಸಿ, “ಹೂಂ,” ಎಂದಳು.

“ಸರಿ,” ಎಂದ ಅಪ್ಪ. “ಇನ್ಮೇಲೆ ಅಂಥದ್ದೇನಾದ್ರೂ ಇದ್ರೆ ನನಗೆ ಹೇಳು. ಬೈಕಿಗೆ ಹೇಳಬೇಡ.” ಆಮೇಲೆ ಕತ್ತರಿ ತೆಗೆದುಕೊಂಡು ನೀಲಿ ಬಟ್ಟೆಯನ್ನು ಗೆರೆಯ ಉದ್ದಕ್ಕೂ ನಿಲ್ಲದೆ ಕತ್ತರಿಸಿದ.

ಮರುದಿನ ಬೆಳಿಗ್ಗೆ ಅಪ್ಪ ಅವಳನ್ನು ಕರೆಯಲಿಲ್ಲ. ನೀನು ನಡೆದುಹೋಗು, ನನಗೆ ಸ್ವಲ್ಪ ತಡವಿದೆ ಎಂದ. ಸೂಜಿ ಹಗುರಾಗಿ ನಡೆಯಬೇಕಾಗಿತ್ತು. ಬ್ಯಾಗು ಎಂದಿಗಿಂತ ಭಾರವಾಗಿತ್ತು.

ಬೆಲ್ಲಿಗೆ ಇನ್ನೂ ಹೊತ್ತಿತ್ತು. ಗೇಟಿನಲ್ಲಿ ಗುಂಗುರು ಕೂದಲಿನವಳ ಜೊತೆ ನಿಂತಿದ್ದಾಗ ಸೂಜಿ ರಸ್ತೆಯ ಕಡೆ ನೋಡಿದಳು. ಅಂಗಡಿಗೆ ಹೋಗಲು ಅಪ್ಪನಿಗೆ ಇದೊಂದೇ ದಾರಿ. ಸ್ಕೂಲಿನ ಕಾಂಪೌಂಡು ಶುರುವಾಗುವ ತಿರುವಿನಲ್ಲಿ ಬೈಕು ಬಂತು. ಸದ್ದು ತಟ್ಟನೆ ನಿಂತಿತು. ಅಪ್ಪ ತಾನೇ ಎಂಜಿನ್ ಆಫ್ ಮಾಡಿ ಕೆಳಗಿಳಿದಿದ್ದ. ಆ ಕಬ್ಬಿಣದ ಗುಡ್ಡವನ್ನು ಎರಡೂ ಕೈಯಿಂದ ತಳ್ಳಿಕೊಂಡು, ಗೋಡೆಯ ಪಕ್ಕದಲ್ಲೇ, ಯಾರ ಕಡೆಯೂ ನೋಡದೆ ಬರುತ್ತಿದ್ದ.

“ಏನ್ ಟೈಲರ್ ಸಾರ್, ಮತ್ತೆ ಕೆಟ್ಟುಹೋಯ್ತಾ?” ಗೇಟಿನ ವಾಚ್‌ಮನ್ ಕೇಳಿದ.

ಹೌದು, ಇವತ್ತೂ ಏನೋ ತೊಂದರೆ ಎಂದು ಅಪ್ಪ ನಕ್ಕ. ಸೂಜಿಯನ್ನು ನೋಡಿಯೂ ನೋಡದವನಂತೆ ಮುಂದೆ ಹೋದ. ಕಾಂಪೌಂಡು ಮುಗಿಯಲು ಇನ್ನೂ ಬಹಳ ದೂರವಿತ್ತು. ಅವನ ಅಂಗಿ ಆಗಲೇ ಬೆವರಿಗೆ ಒದ್ದೆಯಾಗಿತ್ತು.

ಹಿಂದಿನಿಂದ ಯಾರೋ ‘ಬುರ್ರ್... ಧಡ್’ ಎಂದರು.

ಸೂಜಿ ಬ್ಯಾಗನ್ನು ಗುಂಗುರು ಕೂದಲಿನವಳ ಕೈಗೆ ಕೊಟ್ಟಳು. “ಹಿಡ್ಕೋ. ನಮ್ಮಪ್ಪ,” ಎಂದು ಹೇಳಿ ಓಡಿದಳು.

“ಅಪ್ಪ, ಇಲ್ಲೇ ಸ್ಟಾರ್ಟ್ ಮಾಡು.”

“ಮುಂದೆ ಹೋಗಿ ಮಾಡ್ಕೋತೀನಿ. ನೀನು ಒಳಗೆ ಹೋಗು.”

“ಇಲ್ಲೇ ಮಾಡು.”

ಅಪ್ಪ ಅವಳನ್ನು ನೋಡಿದ. ಗೇಟಿನಲ್ಲಿ ಗುಂಪುಗೂಡಿದ್ದ ಮಕ್ಕಳನ್ನು ನೋಡಿದ. ಆಮೇಲೆ ಬೈಕನ್ನು ನಿಲ್ಲಿಸಿ ಕಿಕ್ ಹೊಡೆದ. ಎಂಜಿನ್ ಒಮ್ಮೆ ಗುರ್ ಎಂದು ಸುಮ್ಮನಾಯಿತು. ಎರಡನೇ ಸಲ ಅದೂ ಇಲ್ಲ. ಮಕ್ಕಳ ನಗು ಜೋರಾಯಿತು. ಮೂರನೆಯದಕ್ಕೆ ಅಪ್ಪನ ಕಾಲು ಜಾರಿತು.

ಸೂಜಿಯ ಕಿವಿ ಕೆಂಡದಂತೆ ಕಾದಿತ್ತು. ಹ್ಯಾಂಡಲಿಗೆ ನೇತುಹಾಕಿದ್ದ ಅಪ್ಪನ ಊಟದ ಡಬ್ಬಿಯನ್ನು ತೆಗೆದುಕೊಂಡು ಅವಳು ಗೇಟಿನ ಕಡೆ ತಿರುಗಿ ಅಲ್ಲೇ ನಿಂತಳು. ಎಲ್ಲರಿಗೂ ಕಾಣುವ ಹಾಗೆ.

ಅಪ್ಪ ನಾಲ್ಕನೇ ಕಿಕ್ಕಿಗೆ ಕಾಲೆತ್ತಿದ.