ಧೂಮಕ ಕಸಿದ ದೂರು

ಧೂಮಕನೆಂಬ ಮಾಂತ್ರಿಕ ಕೂಲಿಯವರ ಬಾಯಿ ಕಸಿದುಕೊಂಡ. ಅವರೇ ಒಪ್ಪಿ ಕೊಟ್ಟರು ಎಂದು ಸಾರಿದ. ಹಸಿ ಸುಳ್ಳು.

ಬಹಳ ಹಿಂದೆ, ಏಳು ಹೊಳೆ ಕೂಡುವ ಕಡೆ ಒಂದು ರಾಜ್ಯವಿತ್ತು. ಅಲ್ಲಿ ಧೂಮಕನ ಎಣ್ಣೆಗಾಣ. ಗಾಣ ಎಳೆಯುವ ಕಂಚಿನ ಕೋಣ ಹಸಿದಾಗ ಆಳನ್ನೇ ನುಂಗುತ್ತಿತ್ತು. ಒಳಗೆ ಹೋದವರು ಹುಣ್ಣಿಮೆಯವರೆಗೆ ಬದುಕಿರುತ್ತಿದ್ದರು. ಆಮೇಲೆ ಅವರೂ ಕಂಚು. ಕೆಲಸಕ್ಕೆ ಸೇರುವಾಗ ಎಲ್ಲರೂ, "ಏನೇ ಆದರೂ ದೂರು ಹೇಳೆವು" ಎಂದು ಮಾತು ಕೊಡಬೇಕಿತ್ತು.

ಒಂದು ದಿನ ಕೋಣ ಚಿಕ್ಕೀರನ ಅಕ್ಕ ಕಾಳವ್ವನನ್ನು ನುಂಗಿತು.

ಗಾಣದ ಆಳೇ ಆಗಿದ್ದ ಚಿಕ್ಕೀರ ಊರಗೌಡನ ಬಳಿ ಓಡಿದ. "ಕೋಣ..." ಎನ್ನುತ್ತಲೇ ನಾಲಿಗೆ ಕಲ್ಲಾಯಿತು. "ಏನೋ, ಕುಡಿದಿದ್ದೀಯಾ?" ಎಂದು ಗೌಡ ಅಟ್ಟಿದ.

ನ್ಯಾಯಗಾರನ ಬಳಿ ಓಡಿದ. ಮತ್ತೆ ನಾಲಿಗೆ ಕಲ್ಲು. ನ್ಯಾಯಗಾರ ನಕ್ಕ: "ಧೂಮಕನ ಆಳೇನೋ? ಬಾಯಿ ಕೊಟ್ಟವನು ನೀನೇ. ಈಗ ಅತ್ತರೆ?"

ಚಿಕ್ಕೀರನ ತಲೆ ಕೆಟ್ಟುಹೋಯಿತು. ಮಾತು ಕೊಟ್ಟದ್ದು ನಿಜ. ಮಾತಿಗೆ ತಪ್ಪಬಾರದು ಎಂದು ಕಲಿಸಿದವಳೂ ಅಕ್ಕನೇ. ಹಾಗಾದರೆ ಅಕ್ಕ ಕಂಚಾಗಬೇಕೆ? ತಪ್ಪು ಕೋಣನದೋ, ತನ್ನದೋ? ಯೋಚಿಸಿದಷ್ಟೂ ಗೋಜಲು.

ಹುಣ್ಣಿಮೆಯ ಬೆಳಿಗ್ಗೆ ರಾಣಿ ಹೊನ್ನಾಜಿಯ ಓಲಗಕ್ಕೆ ಹೋದ. ಧೂಮಕ ಅಲ್ಲೇ ಮೀಸೆ ತಿರುವುತ್ತ ಕೂತಿದ್ದ.

"ಹೇಳಪ್ಪ, ಏನು ದೂರು?" ಎಂದಳು ರಾಣಿ. ಮೂರನೆಯ ಸಲವೂ ನಾಲಿಗೆ ಕಲ್ಲು.

"ದೂರಿಲ್ಲ ಬಿಡಿ ತಾಯಿ, ಇವನಿಗೆ ಬುದ್ಧಿ ಮಂಕು" ಎಂದ ಧೂಮಕ.

"ತಾಯಿ, ನನಗೊಂದು ತಿಳೀತಿಲ್ಲ..." ಎಂದ ಚಿಕ್ಕೀರ. ಅರೆ, ನಾಲಿಗೆ ಹೊರಳಿತು! ಕೇಳುವುದು ದೂರಲ್ಲವಲ್ಲ. "ಯಾವ ಕರಾರಿಗೂ ಮೊದಲು ನೆಲಕ್ಕೆ ನೀರು ಬಿಟ್ಟು, 'ನಾಡಕಟ್ಟಳೆ ಮೊದಲು, ನಮ್ಮ ಮಾತು ಆಮೇಲೆ' ಅಂತೀವಿ. ಎಲ್ಲರೂ ಆಕಳಿಸಿದ ಹಾಗೆ ಅಂದುಬಿಡ್ತೀವಿ. ಹಾಗಂದ್ರೇನು?"

ಓಲಗ ತಬ್ಬಿಬ್ಬಾಯಿತು. ಯಾರೂ ಯೋಚಿಸಿಯೇ ಇರಲಿಲ್ಲ.

ರಾಣಿ ಧೂಮಕನತ್ತ ತಿರುಗಿದಳು. "ನೀನೂ ಹಾಗಂದೆಯಾ?"

"ಬರೀ ವಾಡಿಕೆ ತಾಯಿ. ಅನ್ನದಿದ್ದರೆ ‘ದೂರು ಹೇಳೆವು’ ಅನ್ನೋ ಕರಾರೇ ನಿಲ್ಲೋದಿಲ್ಲ..." ಅಂದವನು ಬಾಯಿ ಮುಚ್ಚಿಕೊಂಡ.

"ನೊಂದವರ ದೂರನ್ನು ಯಾರೂ ಕೊಳ್ಳುವಂತಿಲ್ಲ, ನೊಂದವರೂ ಕೊಡುವಂತಿಲ್ಲ. ಅದು ನಾಡಕಟ್ಟಳೆ. ನಿನ್ನ ಷರತ್ತು ಹುಟ್ಟುವಾಗಲೇ ಸತ್ತಿತ್ತು, ಧೂಮಕ. ಇವರು ಅದನ್ನು ನಂಬಿದ್ದರು, ಅದಕ್ಕೇ ನಿನ್ನ ಮಾಟ ನಡೆಯಿತು."

ಚಿಕ್ಕೀರನ ನಾಲಿಗೆಯ ಕಲ್ಲು ಕರಗಿತು. "ಇವನ ಕೋಣ ನನ್ನಕ್ಕನ್ನ ನುಂಗಿದೆ!" ಎಂದು ಕೂಗಿದ. ಆ ಕೂಗಿಗೆ ಗಾಣದಲ್ಲಿ ಕೋಣ ಬಿರಿಯಿತು. ಎಣ್ಣೆ ಮೆತ್ತಿಕೊಂಡ ಕಾಳವ್ವ ಬೈಯುತ್ತಲೇ ಹೊರಬಂದಳು: "ಎಲ್ಲಿ ಹಾಳಾಗಿ ಹೋಗಿದ್ದನೋ ನನ್ನ ತಮ್ಮ!" ಧೂಮಕ ಹೊಗೆಯಾಗಿ ಹೋದ. ಆಳುಗಳೆಲ್ಲ ಬಾಯ್ತುಂಬ ಮಾತಾಡಿಕೊಂಡು ಸುಖವಾಗಿದ್ದರು.

ನಿಮ್ಮಿಂದಲೂ ಯಾರೋ "ದೂರು ಹೇಳೆವು" ಎಂದು ಬರೆಸಿಕೊಂಡಿರಬಹುದು. ಬಾಯಿ ಹೋಯಿತೆಂದು ಕೂರಬೇಡಿ. ಆ ಕರಾರಿಗಿಂತ ಮೇಲಿನ ಕಾನೂನು ಏನು ಹೇಳುತ್ತದೆ? ನಾಳೆಯೇ ಕಾನೂನು ಬಲ್ಲವರ ಬಳಿ ಹೋಗಿ. ಗಟ್ಟಿಯಾಗಿ ಕೇಳಿ.