ಕೊಕ್ಕೆ ಕಳಚಿದಾಗ

“ಬಂತು ನೋಡ್ರಿ, ಬಂತು!” ಎಂದು ಇಟಗಿ ಮಾಸ್ತರರು ಹಿಮದ ಇಳಿಜಾರಿನ ನಡುವೆ ನಿಂತು ಕೂಗಿದರು.

ಬಂದದ್ದು ಬಸ್ಸಲ್ಲ, ಬಿಸಿ. ಈಗಷ್ಟೇ ಹಲ್ಲು ಕಟಕಟ ಕಡಿಯುತ್ತಿದ್ದ ಆ ನಿವೃತ್ತ ಮಾಸ್ತರರ ಬೆನ್ನಿಗೆ, ಪಕ್ಕೆಗೆ, ಆಮೇಲೆ ಕೈಗವಸಿನೊಳಗಿನ ಒಂದೊಂದೇ ಬೆರಳಿಗೆ ಕಾವು ಹರಿದು ಬಂತು. ಅವರು ತೊಟ್ಟ ಕೋಟಿನಲ್ಲಿ ಬ್ಯಾಟರಿಯಿರಲಿಲ್ಲ. ಸೊಂಟದ ಕೊಕ್ಕೆಗೆ ಸಿಕ್ಕಿಸಿದ ಒಂದು ಹಗ್ಗ ಅವರನ್ನು ಮುಂದಿನವರಿಗೂ ಹಿಂದಿನವರಿಗೂ ಬೆಸೆದಿತ್ತು, ಅಷ್ಟೇ.

“ಮಾಸ್ತರ, ಒದರಬ್ಯಾಡ್ರಿ. ಮ್ಯಾಲಿನ ಹಿಮ ಕೆಳಗ ಬರ್ತೈತಿ,” ಎಂದು ಹಗ್ಗದ ಮುಂತುದಿಯಿಂದ ಡೋಲ್ಕರ್ ಗದರಿದಳು.

“ಬರ್ಲಿ ಬಿಡವಾ, ನನಗೇನ ಇನ್ನ ಚಳಿ ಆಗೂದಿಲ್ಲ!”

ಎಲ್ಲರೂ ನಕ್ಕರು. ಹಗ್ಗದ ಕೊನೆಯಲ್ಲಿದ್ದ ನೀಲಗಂಗಾ ಮಾತ್ರ ನಗಲಿಲ್ಲ. ಆ ಬಟ್ಟೆ ಅವಳದು. ವರ್ಷಗಟ್ಟಲೆ ಅವಳ ನಿದ್ದೆ ತಿಂದದ್ದು. ಪ್ರಯೋಗಶಾಲೆ ಬಿಟ್ಟು, ಸಂಸ್ಥೆಯವರಲ್ಲದ ಮೈಗಳ ಮೇಲೆ ಅದು ಏರಿದ್ದು ಇದೇ ಮೊದಲು. ಹೆಜ್ಜೆ ಹೆಜ್ಜೆಗೂ ಅವಳ ಜೀವ ಒಂದು ಕಡೆ ನಿಲ್ಲುತ್ತಿರಲಿಲ್ಲ. ಮುಂದಿನವರ ಕತ್ತು, ಕೈ, ತುಟಿಯ ಬಣ್ಣ ನೋಡುವುದೇ ಕೆಲಸವಾಗಿತ್ತು.

ಅದು ಈ ಶತಮಾನದ ಅರವತ್ತರ ದಶಕ. ಹಿಮಾಲಯದ ಹಿಮನದಿಗಳು ಕರಗಿ ಕರಗಿ ಸೊರಗಿದ್ದವು. ಉಳಿದದ್ದನ್ನಾದರೂ ಕಣ್ಣಾರೆ ನೋಡಿಬಿಡೋಣ ಎಂದು ಊರೂರಿನ ಜನ ಸಾಲುಗಟ್ಟಿ ಹತ್ತುತ್ತಿದ್ದರು. ಗಾಳಿಗೂ ತಲೆ ಕೆಟ್ಟಿತ್ತು. ಬೆಳಿಗ್ಗೆ ಹಿತವಾದ ಬಿಸಿಲು, ಮಧ್ಯಾಹ್ನಕ್ಕೆ ಮೂಳೆ ಕೊರೆಯುವ ಸುಳಿಗಾಳಿ. ಅಂಥ ಜನಕ್ಕಾಗಿ ಉಡುಪು ಹೊಲಿಯುವ ‘ಹೆಗಲು’ ಎಂಬ ಸಂಸ್ಥೆ ಧಾರವಾಡದ ಹೊರಗಿನ ಒಂದು ಹಳೆಯ ಶೆಡ್ಡಿನಲ್ಲಿತ್ತು. ‘ಚಳಿಗೆ ಯಾರೂ ಸಾಯಬಾರದು’ ಎಂದು ಅದರ ಬಾಗಿಲ ಮೇಲೆ ಬರೆದಿತ್ತು. ಅದನ್ನು ಕಟ್ಟಿದ ಸುಮಂಗಲಾ ಗುತ್ತಲ, ಕಾರ್ಖಾನೆಗೆಲ್ಲ ಗುತ್ತಲಕ್ಕ, ಒಡಹುಟ್ಟಿದ ತಮ್ಮನನ್ನು ಹಿಮದಲ್ಲಿ ಕಳೆದುಕೊಂಡವಳು. ಕೋಟು ಹರಿದರೆ ಹೊಸದು ಕೊಳ್ಳಿ ಎನ್ನದೆ ತೇಪೆ ಹಾಕಿ ಕಳಿಸುವವಳು. ಅವಳ ಇನ್ನೊಂದು ಕಟ್ಟಳೆ, ತನ್ನ ಹೊರೆ ತಾನೇ ಹೊರಬೇಕು ಎಂಬುದು. ವರ್ಷಕ್ಕೊಮ್ಮೆ ಹೊಲಿಗೆಯವರಿಂದ ಹಿಡಿದು ವಿಜ್ಞಾನಿಗಳವರೆಗೆ ಎಲ್ಲರೂ ಪರ್ವತಕ್ಕೆ ಹೋಗಿ ಹೊಸ ಬಟ್ಟೆ ಪರೀಕ್ಷಿಸುತ್ತಿದ್ದರು. ಒಬ್ಬ ಕೂಲಿಯೂ ಜೊತೆಗಿರುತ್ತಿರಲಿಲ್ಲ. ಎಲ್ಲರ ಬೆನ್ನಿಗೂ ಒಂದೇ ತೂಕ. ಆ ಕಟ್ಟಳೆಯ ಮೇಲೆ ಅವರಿಗೆಲ್ಲ ಹೆಮ್ಮೆಯೋ ಹೆಮ್ಮೆ.

ನೀಲಗಂಗಾ ನೇಯ್ದ ಬಟ್ಟೆಗೆ ‘ಸಂಗಾತಿ’ ಎಂದು ಹೆಸರಿಟ್ಟವಳೂ ಗುತ್ತಲಕ್ಕನೇ. ಕುರಿಯ ಉಣ್ಣೆಯ ನಡುವೆ ಕೂದಲಿಗಿಂತ ತೆಳುವಾದ ಒಂದು ಎಳೆ ಓಡಿಸಿದ್ದರು. ಒಂದು ಬದಿ ಬಿಸಿಯಾಗಿ ಇನ್ನೊಂದು ಬದಿ ತಣ್ಣಗಿದ್ದರೆ ಆ ಎಳೆಯಲ್ಲಿ ವಿದ್ಯುತ್ ಹುಟ್ಟುತ್ತದೆ. ಪರ್ವತದಲ್ಲಿ ಒಳಗೆ ಬಿಸಿ ಮೈ, ಹೊರಗೆ ಕೊರೆಯುವ ಗಾಳಿ, ಇನ್ನೇನು ಬೇಕು? ಏರುವಾಗ ಬೆವರುವವನ ಮೈಯಿಂದ ಬಟ್ಟೆ ಒಂದಿಷ್ಟು ಕಾವನ್ನು ತೆಗೆದು ವಿದ್ಯುತ್ತಾಗಿಸಿ ಹಗ್ಗಕ್ಕೆ ಬಿಡುತ್ತಿತ್ತು. ಹಗ್ಗ ಅದನ್ನು ಚಳಿಯಿಂದ ನಡುಗುವವನ ಕೋಟಿಗೆ ಮುಟ್ಟಿಸುತ್ತಿತ್ತು. ಇಂದು ನಾನು ನಿನಗೆ, ನಾಳೆ ನೀನು ನನಗೆ. ಹಗ್ಗಕ್ಕೆ ಕಟ್ಟಿಕೊಂಡವರೆಲ್ಲ ಒಂದೇ ಮೈ.

ಈ ಸಲ ಲಾಹುಲ್ ಕಣಿವೆಗೆ ಬಂದ ತಂಡದಲ್ಲಿ ಇಟಗಿ ಮಾಸ್ತರರೂ ಸೇರಿ ನಾಲ್ವರು ಅತಿಥಿಗಳು. ಅವರು ಗ್ರಾಹಕರು, ಹೊರೆ ಹೊರುವವರಲ್ಲ. ಅದಕ್ಕಾಗಿ ಇಬ್ಬರು ಕೂಲಿಗಳನ್ನು ಗೊತ್ತುಮಾಡಿದ್ದರು. ಒಬ್ಬನ ಕಾಲು ಉಳುಕಿ ಕೆಳಗೇ ಉಳಿದದ್ದರಿಂದ ಅವನ ಹೊರೆಯೂ ಇನ್ನೊಬ್ಬ ಕೂಲಿಯಾದ ಡೋಲ್ಕರಳ ಬೆನ್ನೇರಿತ್ತು. ಡೋಲ್ಕರ್ ಮುಂಡಗೋಡದ ಟಿಬೆಟನ್ ಕ್ಯಾಂಪಿನ ಹುಡುಗಿ. ಚಳಿಗಾಲಕ್ಕೆ ಅಪ್ಪ ಅಮ್ಮ ಹುಬ್ಬಳ್ಳಿಯ ರಸ್ತೆ ಬದಿ ಸ್ವೆಟರ್ ಮಾರುವಾಗ ಗಿರಾಕಿಗಳ ಜೊತೆ ಜಗಳವಾಡಿ ಕನ್ನಡ ಕಲಿತವಳು.

“ಅಕ್ಕಾರ, ನಮ್ಮಪ್ಪ ಬಿಸಿಲೂರಾಗ ಸ್ವೆಟರ್ ಮಾರಿದ. ನೀವು ಬಿಸಿಲೂರಾಗ ಹಿಮದ ಕೋಟು ಹೊಲೀತೀರಿ. ಇಬ್ಬರಿಗೂ ತಲಿ ಇಲ್ಲ,” ಎಂದು ಮೊದಲ ದಿನವೇ ನೀಲಗಂಗಾಳನ್ನು ಛೇಡಿಸಿದ್ದಳು.

ಈಗ ನಾಲ್ಕನೆಯ ದಿನ ಅವಳ ಬಾಯಿ ಅಷ್ಟು ಓಡುತ್ತಿರಲಿಲ್ಲ. ದಾರಿಯಲ್ಲಿ ನಿಂತಾಗೆಲ್ಲ ಹಿಟ್ಟಿನ ಉಂಡೆ ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ಅತಿಥಿಗಳು ಕೋಟಿನ ಜಿಪ್ಪು ಬಿಚ್ಚಿ ಫೋಟೊ ತೆಗೆದುಕೊಳ್ಳುವಾಗ ಅವಳು ಒಂದೇ ಸಮನೆ ಕಾಲು ಕುಟ್ಟುತ್ತಿದ್ದಳು. ನೀಲಗಂಗಾಳಿಗೆ ಇದು ಕಾಣಲಿಲ್ಲವೆಂದಲ್ಲ. ಎರಡು ಹೊರೆ ಹೊತ್ತವಳಲ್ಲವೇ, ಹಸಿವಾಗುತ್ತದೆ ಅಂದುಕೊಂಡಿದ್ದಳು.

ಶಿಬಿರದ ಜಾಗ ತಲುಪಿದಾಗ ಬಿಸಿಲಿನ್ನೂ ಇತ್ತು. ಗಾಳಿ ಎದ್ದಿತ್ತು. ಡೋಲ್ಕರ್ ಹೊರೆ ಇಳಿಸಿ, ನೀರಿನ ಡಬ್ಬಿ ಎತ್ತಿಕೊಂಡಳು.

“ನೀವು ಹಂಗ ಕುಂತಿರ್ರಿ. ನಾ ನೀರ ತಂದು ಡೇರೆ ಹಾಕ್ತೀನಿ.”

ಟಕ್ಕೆಂದು ತನ್ನ ಸೊಂಟದ ಕೊಕ್ಕೆ ಕಳಚಿ, ಬಂಡೆಗಳ ಆಚೆಯ ತೊರೆಯ ಕಡೆ ನಡೆದಳು.

ಕೊಕ್ಕೆ ಹಿಮದ ಮೇಲೆ ಬಿದ್ದ ಗಳಿಗೆಯಲ್ಲೇ ಇಟಗಿಯವರು ಜಿಪ್ಪನ್ನು ಸರ್ರನೆ ಕತ್ತಿನವರೆಗೆ ಎಳೆದುಕೊಂಡರು. “ಯಾರಲೇ ಅದು, ಬಾಗಲಾ ತಗದವರು?”

ಉಳಿದ ಮೂವರೂ ಮುದುರಿಕೊಂಡರು. ನೀಲಗಂಗಾಳ ಬೆನ್ನ ಮೇಲೂ ತಣ್ಣೀರು ಸುರಿದಂತಾಯಿತು. ಗಾಳಿ ಹೆಚ್ಚಿರಲಿಲ್ಲ. ಮೋಡ ಬಂದಿರಲಿಲ್ಲ. ಒಂದೇ ಒಂದು ಕೊಕ್ಕೆ ಕಳಚಿತ್ತು, ಐದು ಜನಕ್ಕೆ ಒಮ್ಮೆಲೇ ಚಳಿಯಾಗಿತ್ತು.

ಅವಳು ಆ ಕೊಕ್ಕೆಯನ್ನೇ ನೋಡಿದಳು. ಇಷ್ಟು ದಿನ ಈ ಹಗ್ಗದಲ್ಲಿ ಹರಿದದ್ದು ಯಾರ ಬಿಸಿ?

ಅಜ್ಜಿ ಹೇಳುತ್ತಿದ್ದ ಕತೆಯಲ್ಲಿ ಒಬ್ಬ ರಾಕ್ಷಸನಿದ್ದ. ಅವನ ಜೀವ ಅವನ ಮೈಯಲ್ಲಿರಲಿಲ್ಲ, ಏಳು ಸಮುದ್ರದಾಚೆ ಒಂದು ಗಿಳಿಯಲ್ಲಿತ್ತು. ರಾಜಕುಮಾರ ಗೆದ್ದನೋ ಇಲ್ಲವೋ ಎಂದು ಚಿಕ್ಕಂದಿನಲ್ಲಿ ನೀಲಗಂಗಾ ಉಸಿರು ಬಿಗಿಹಿಡಿದು ಕೇಳುತ್ತಿದ್ದಳು. ಆ ಗಿಳಿಗೆ ಏನನ್ನಿಸುತ್ತಿತ್ತು ಎಂದು ಒಂದು ದಿನವೂ ಕೇಳಿರಲಿಲ್ಲ.

ನೀರಿಗೆ ಹೋದವಳು ಬಹಳ ಹೊತ್ತಾದರೂ ಮರಳಿರಲಿಲ್ಲ. ನೀಲಗಂಗಾ ತನ್ನ ಕೊಕ್ಕೆ ಕಿತ್ತು ತೊರೆಯ ಕಡೆ ಓಡಿದಳು.

ಡೋಲ್ಕರ್ ನೀರಿನ ಅಂಚಿನಲ್ಲಿ ಒಂದು ಕಲ್ಲಿನ ಮೇಲೆ ಕೂತಿದ್ದಳು. ಡಬ್ಬಿ ಅಡ್ಡ ಬಿದ್ದಿತ್ತು. ಕೈಗವಸು ಕಳಚಿ ಪಕ್ಕಕ್ಕಿಟ್ಟು, ಕೋಟಿನ ಜಿಪ್ಪಿಗೆ ಕೈ ಹಾಕಿದ್ದಳು. ನಡುಗುತ್ತಿರಲಿಲ್ಲ.

“ಸೆಕಿ ಆಗಾಕತ್ತೈತಿ, ಅಕ್ಕಾರ,” ಎಂದಳು. ನಾಲಿಗೆ ತೊದಲುತ್ತಿತ್ತು.

ನೀಲಗಂಗಾ ಅವಳ ಕೈ ಹಿಡಿದು ತಡೆದಳು. ಮೈ ತೀರಾ ತಣ್ಣಗಾದವರಿಗೆ ಕೊನೆಗೆ ಸೆಕೆಯಾದಂತೆ ಅನ್ನಿಸುತ್ತದೆ; ಬಟ್ಟೆ ಕಿತ್ತೊಗೆಯುತ್ತಾರೆ; ಆಮೇಲೆ ಮಲಗುತ್ತಾರೆ, ಏಳುವುದಿಲ್ಲ. ಡೋಲ್ಕರಳ ಒಳಂಗಿ ಬೆವರಿನಿಂದ ತೊಯ್ದು ತೊಪ್ಪೆಯಾಗಿತ್ತು. ಆ ಬೆವರನ್ನು ಆರಿಸಬೇಕಿದ್ದ ಮೈಯ ಕಾವು ದಿನವಿಡೀ ಹಗ್ಗಕ್ಕೆ ಹೋಗಿತ್ತು. ನಿಂತು ಫೋಟೊ ತೆಗೆಯುವವರ ಮೈ ಬೇಗ ತಣ್ಣಗಾಗುತ್ತದೆ. ಬಟ್ಟೆ ಅವರಿಗೆ ಕೊಟ್ಟಿತು. ಹೊರೆ ಹೊತ್ತವಳ ಮೈ ಸದಾ ಬಿಸಿ. ಬಟ್ಟೆ ಅವಳಿಂದ ಪಡೆಯಿತು. ಅವಳು ಕೆಲಸ ನಿಲ್ಲಿಸಿ ಮೈ ಆರುವ ಹೊತ್ತಿಗೆ, ಮರಳಿ ಕೊಡಬೇಕಾದ ಹೊತ್ತಿಗೆ, ಅವಳು ಹಗ್ಗದಲ್ಲೇ ಇಲ್ಲ. ನೀರು ತರಲು ಹೋಗಿದ್ದಾಳೆ. ಕೂಲಿಯ ಕೆಲಸವೇ ಹಾಗೆ, ಎಲ್ಲರಿಗಿಂತ ಮೊದಲು ಕೊಕ್ಕೆ ಕಳಚುವುದು.

ಇಟಗಿಯವರನ್ನು ಕೂಗಿ ಕರೆದು, ಇಬ್ಬರೂ ಅವಳನ್ನು ಎತ್ತಿ ತಂದರು. ಹೇಗೋ ಒಂದು ಡೇರೆ ಎಬ್ಬಿಸಿದರು. ಒದ್ದೆ ಬಟ್ಟೆ ತೆಗೆದು ಒಣಗಿದ್ದು ತೊಡಿಸಿ, ಮೇಲೆ ಸಂಗಾತಿ ಹಾಕಿ, ಮಲಗುಚೀಲಕ್ಕೆ ತುರುಕಿ, ಕೊಕ್ಕೆ ಸಿಕ್ಕಿಸಿದರು. ನೀಲಗಂಗಾ ಅವಳ ಕೋಟಿನ ಒಳಗೆ ಕೈಯಿಟ್ಟು ಕಾದಳು. ಏನೂ ಬರಲಿಲ್ಲ. ಬರುವುದಾದರೂ ಎಲ್ಲಿಂದ? ಹಗ್ಗದಲ್ಲಿದ್ದವರೆಲ್ಲ ಕೂತಿದ್ದರು. ಬಿಸಿ ಮೈ ಒಂದೂ ಇರಲಿಲ್ಲ.

ಅವಳು ಡೇರೆಯಿಂದ ತಲೆ ಹೊರಹಾಕಿ ಕಿರುಚಿದಳು. “ಏಳ್ರಿ! ಎಲ್ಲಾರೂ ಹೊರಿ ಹೊತ್ತುಕೊಳ್ರಿ!”

“ವಾಪಸ್ ಹೊಂಟೀವೇನು?” ಎಂದರು ಇಟಗಿ.

“ಎಲ್ಲಿಗೂ ಇಲ್ಲ. ಅಕಿ ಹೊತ್ತಿದ್ದೆಲ್ಲಾ ಹಂಚ್ಕೊಂಡು ಈ ದಿಬ್ಬ ಹತ್ತಿ ಇಳೀರಿ. ಹಗ್ಗ ಅಲ್ಲೀತನಾ ಮುಟ್ತೈತಿ, ಕೊಕ್ಕಿ ಬಿಚ್ಚಬ್ಯಾಡ್ರಿ. ಬೆವರು ಬರೂತನಾ.”

“ನನಗ ಅರವತ್ತೆಂಟು, ನೀಲಗಂಗಾ.”

“ಅಕಿಗೆ ಇಪ್ಪತ್ತಾರು, ಮಾಸ್ತರ!”

ಮಾಸ್ತರರು ಅಡುಗೆ ಸಾಮಾನಿನ ಚೀಲ ಬೆನ್ನಿಗೇರಿಸಿ ಎದ್ದರು. ಉಳಿದವರೂ ಹಿಂದೆ ಹೊರಟರು. ಹತ್ತಿದರು, ಇಳಿದರು, ಮತ್ತೆ ಹತ್ತಿದರು. ಒಬ್ಬರು ಅಳುತ್ತಿದ್ದರು, ಒಬ್ಬರು ಬಯ್ಯುತ್ತಿದ್ದರು, ಮಾಸ್ತರರು ಏದುಸಿರು ಬಿಡುತ್ತ ಎರಡರ ಮಗ್ಗಿ ಹೇಳುತ್ತಿದ್ದರು. ಬಿಸಿಲು ಎದುರಿನ ಶಿಖರದ ನೆತ್ತಿಗೆ ಸರಿಯಿತು. ಆಗ ನೀಲಗಂಗಾಳ ಅಂಗೈ ಕೆಳಗೆ ಬಟ್ಟೆ ಮೆಲ್ಲಗೆ, ಹಾಲು ಕಾಯುವಷ್ಟು ಮೆಲ್ಲಗೆ ಬೆಚ್ಚಗಾಗತೊಡಗಿತು. ಇನ್ನಷ್ಟು ಹೊತ್ತಿಗೆ ಡೋಲ್ಕರ್ ಗಡಗಡ ನಡುಗಿದಳು. ನಡುಕ ಕಂಡು ನೀಲಗಂಗಾ ಅತ್ತುಬಿಟ್ಟಳು. ನಡುಗುವ ಮೈ ಬದುಕುವ ಮೈ.

ಕಣ್ಣುಬಿಟ್ಟ ಡೋಲ್ಕರ್ ಮೊದಲು ನೋಡಿದ್ದು ಮೇಲಿನ ಛಾವಣಿ. “ಡೇರೆ ಯಾರು ಹಾಕಿದ್ರು? ಸೊಟ್ಟ ಐತಿ.”

“ದಿನಾ ಹಿಂಗ ಆಗ್ತಿತ್ತೇನು? ಯಾಕ ಹೇಳ್ಲಿಲ್ಲ?”

“ಏನಂತ ಹೇಳೂದು? ಹೊರಿ ಹೊತ್ತವರಿಗೆ ಸುಸ್ತ ಆಗ್ತೈತಿ, ಅದೇನು ಸುದ್ದಿಯೇನು?” ಎಂದು ಕಣ್ಣು ಮುಚ್ಚಿಕೊಂಡಳು.

*

ಧಾರವಾಡಕ್ಕೆ ಮರಳಿದ ಮೇಲೆ ನೀಲಗಂಗಾಳಿಗೆ ಕೂತಲ್ಲಿ ಕೂರಲಾಗಲಿಲ್ಲ. ಸಂಗಾತಿ ಮಾರುಕಟ್ಟೆಗೆ ಬರುವ ದಿನ ಗೊತ್ತಾಗಿತ್ತು. ಪರ್ವತದ ರಕ್ಷಣಾ ದಳದವರು ಆಗಲೇ ಕಾಯುತ್ತಿದ್ದರು. ಬಿಡುಗಡೆ ನಿಲ್ಲಿಸಬೇಕು ಎಂದಾಗ ಗುತ್ತಲಕ್ಕನ ಮುಖ ಕಪ್ಪಿಟ್ಟಿತು.

“ಒಂದೊಂದು ವಾರ ತಡ ಆದ್ರ ಒಬ್ಬೊಬ್ಬರ ಜೀವ ಹೋಗ್ತದ, ಗೊತ್ತೈತೇನು? ಇಷ್ಟು ವರ್ಷ ಎಲ್ಲಾರೂ ಕೂಡಿ ಪರೀಕ್ಷೆ ಮಾಡೇವಿ. ಒಂದ ದಿನಾನಾದ್ರೂ ಹಿಂಗ ಆಗಿತ್ತೇನು?”

“ಆಗಿದ್ದಿಲ್ಲ. ನಮ್ಮ ಬೆನ್ನಮ್ಯಾಲ ಎಲ್ಲಾರದೂ ಒಂದ ತೂಕ ಇತ್ತು. ಎಲ್ಲಾರೂ ಕೂಡಿ ಕೊಕ್ಕಿ ಕಳಚಿ, ಕೂಡಿ ಚಾ ಕುಡೀತಿದ್ವಿ.”

“ನಾ ಯಾರ ಬೆನ್ನಮ್ಯಾಲೂ ನನ್ನ ಹೊರಿ ಹಾಕಿದಾಕಿ ಅಲ್ಲ, ನೀಲಾ.”

“ಅದಕ್ಕ ಅಕ್ಕಾ, ಹಾಕಿದ್ರ ಏನಾಗ್ತದ ಅನ್ನೂದು ನಮಗ ಗೊತ್ತಾಗ್ಲಿಲ್ಲ.”

ಗುತ್ತಲಕ್ಕ ಎದ್ದು ಕಿಟಕಿಯ ಹತ್ತಿರ ಹೋದಳು. ಅಂಗಳದಲ್ಲಿ ಹಳೆಯ ಕೋಟುಗಳು ತೇಪೆಗಾಗಿ ರಾಶಿ ಬಿದ್ದಿದ್ದವು. “ನನ್ನ ತಮ್ಮನ ಜೋಡಿ ಇಬ್ಬರು ಕೂಲಿಯವರೂ ಹಿಮದಾಗ ಸತ್ತಿದ್ರು,” ಎಂದಳು. “ಅವರ ಹೆಸರ ನಾ ಕೇಳಿದ್ದಿಲ್ಲ.”

ಸಂಗಾತಿ ಆ ಚಳಿಗಾಲ ಬರಲಿಲ್ಲ. ಮುಂದಿನ ಬೇಸಿಗೆಗೆ ಬಂದಾಗ ಅದರ ಕೊಕ್ಕೆ ಬದಲಾಗಿತ್ತು. ಯಾರ ಮೈಯಿಂದ ಎಷ್ಟು ಹೋಯಿತು, ಯಾರಿಗೆ ಎಷ್ಟು ಬಂತು ಎಂಬುದನ್ನು ಅದು ನೆನಪಿಟ್ಟುಕೊಳ್ಳುತ್ತಿತ್ತು. ಕೊಟ್ಟವರ ಮೈಗೆ ಅಷ್ಟೂ ಮರಳಿ ಸೇರುವ ತನಕ ಪಡೆದವರ ಕೊಕ್ಕೆಯೂ ಬಿಚ್ಚುತ್ತಿರಲಿಲ್ಲ, ಕೊಟ್ಟವರದೂ ಬಿಚ್ಚುತ್ತಿರಲಿಲ್ಲ. ಅಪಾಯವಾದರೆ ಎಳೆಯಲು ಒಂದು ಕೆಂಪು ದಾರವಿತ್ತು. ಎಳೆದರೆ ಇಡೀ ತಂಡಕ್ಕೆ ಕೇಳುವಂತೆ ಸೀಟಿ ಹೊಡೆಯುತ್ತಿತ್ತು.

ಫೋನುಗಳು ಬಂದವು. “ಶಿಬಿರ ಮುಟ್ಟಿ ಅರ್ಧ ತಾಸಾತು, ನಿಮ್ಮ ಕೊಕ್ಕಿ ಬಿಚ್ಚವಲ್ದು!”

“ನಿಮ್ಮ ಚೀಲ ಯಾರು ಹೊತ್ತಿದ್ರು?” ಎಂದು ನೀಲಗಂಗಾ ಕೇಳುತ್ತಿದ್ದಳು.

“ಕೂಲಿಯವ.”

“ಅವರನ್ನ ಕೂಡಸ್ರಿ. ನೀವು ಡೇರೆ ಹಾಕ್ರಿ. ಬಿಚ್ಚತೈತಿ.”

ಕೆಲವರು ಬೈದು ಬೇರೆ ಕಂಪನಿಯ ಕೋಟು ಕೊಂಡರು. ಆದರೂ ಆ ವರ್ಷ ಹಿಮಾಲಯದ ಎಷ್ಟೋ ಕಣಿವೆಗಳಲ್ಲಿ ಸೊಟ್ಟ ಡೇರೆಗಳು ಎದ್ದವು. ಅವುಗಳ ಮುಂದೆ ಕೂಲಿಗಳು ಕಾಲು ಚಾಚಿ ಕೂತು, ಗೂಟ ಹೊಡೆಯುವವರಿಗೆ ಬುದ್ಧಿ ಹೇಳುತ್ತ ಚಹಾ ಕುಡಿದರು. ಡೋಲ್ಕರ್ ಅಂಥದೊಂದು ಡೇರೆಯ ಫೋಟೊ ಕಳಿಸಿ, ‘ನಿಮ್ಮ ಕೋಟು ಛಲೋ ಆತು, ಮಂದಿ ಇನ್ನೂ ಕಲೀಬೇಕು’ ಎಂದು ಬರೆದಿದ್ದಳು.

ಆ ಫೋಟೊ ತೋರಿಸುತ್ತಲೇ ನೀಲಗಂಗಾ ಒಂದು ಮಧ್ಯಾಹ್ನ ಮನೆಯಲ್ಲಿ ಊಟಕ್ಕೆ ಕೂತಿದ್ದಳು. ಅಣ್ಣ ಮಹಾಂತೇಶ, ಅವನ ಇಬ್ಬರು ಮಕ್ಕಳು, ಎಲ್ಲರೂ ನಕ್ಕರು. ಅಡುಗೆಮನೆಯಿಂದ ಅಣ್ಣನ ಹೆಂಡತಿ, ವೈನಿ, ಬಂದು ಅವಳ ತಾಟಿಗೆ ಒಂದು ರೊಟ್ಟಿ ಹಾಕಿ ಹೋದಳು. ಆಗಷ್ಟೇ ಹಂಚಿನಿಂದ ಇಳಿದ ರೊಟ್ಟಿ, ಉಬ್ಬಿ ಹೊಗೆಯಾಡುತ್ತಿತ್ತು. ನೀಲಗಂಗಾ ಅದನ್ನು ಮುರಿಯಲು ಹೋದಳು. ಬೆರಳಿಗೆ ಬಿಸಿ ತಾಗಿತು. ಕೈ ಅಲ್ಲೇ ನಿಂತಿತು.

“ವೈನಿ, ನಿಮ್ಮದು ಊಟ?”

“ನಂದೇನು ಅವಸರ, ಎಲ್ಲಾರದೂ ಆಗ್ಲಿ,” ಎಂದು ಒಳಗಿನಿಂದ ದನಿ ಬಂತು. ಜೊತೆಗೆ ರೊಟ್ಟಿ ಬಡಿಯುವ ಸದ್ದು. ಇಷ್ಟು ವರ್ಷ ಪ್ರತಿದಿನ ಕೇಳಿದ್ದ ಸದ್ದು.

ನೀಲಗಂಗಾ ಎದ್ದಳು.

“ಎಲ್ಲಿ ಹೊಂಟಿ? ರೊಟ್ಟಿ ಆರ್ತೈತಿ,” ಎಂದ ಅಣ್ಣ.

ಅವಳು ಒಲೆಯ ಮುಂದೆ ಹೋಗಿ ನಿಂತಳು. ವೈನಿಯ ಹಣೆಯಿಂದ ಬೆವರು ಇಳಿದು ಕತ್ತಿನ ಸರಕ್ಕೆ ಸೇರುತ್ತಿತ್ತು. “ನೀವು ಹೋಗಿ ಕೂಡ್ರಿ. ನಾ ಬಡೀತೀನಿ.”

“ಶಾಣ್ಯಾ ಅದಿ! ನಿನಗೆಲ್ಲಿ ಬರ್ತೈತಿ?”

“ಬರೂದಿಲ್ಲ. ಅಲ್ಲಿಂದನ ಹೇಳ್ರಿ.”

ವೈನಿ ಅನುಮಾನದಿಂದಲೇ ಹೋಗಿ ಕೂತಳು. ನೀಲಗಂಗಾಳ ಮೊದಲ ರೊಟ್ಟಿ ಹರಿದು ಮೂರಾಯಿತು. ಎರಡನೆಯದು ಹಂಚಿಗೇ ಅಂಟಿತು. ಆವತ್ತು ಆ ಮನೆಯಲ್ಲಿ ಎಲ್ಲರ ಊಟ ಬಹಳ ತಡವಾಯಿತು.