ನಿಧಾನವಾಗಿ ಓದುವವರು

ಮೊದಲ ಪುಸ್ತಕದಲ್ಲಿ ಹನ್ನೆರಡನೇ ಪುಟದವರೆಗೆ ಬಿಳಿ ಹೆಬ್ಬೆರಳಿನ ಗುರುತುಗಳಿದ್ದವು. ಆಮೇಲಿನ ಪುಟಗಳು ಹೊಸ ಬಟ್ಟೆಯಷ್ಟು ಸ್ವಚ್ಛ. ಎರಡನೆಯದರಲ್ಲಿ ಹದಿನಾಲ್ಕರವರೆಗೆ, ಮೂರನೆಯದರಲ್ಲಿ ಬರೀ ಒಂಬತ್ತರವರೆಗೆ. ಗ್ರಂಥಪಾಲಕ ತಲೆಯೆತ್ತಿ ನೋಡಿದ.

"ಮೇಡಂ, ನೀವು ಸುಣ್ಣ ಬಳಿಯೋ ಕೆಲಸ ಮಾಡ್ತೀರಾ?"

ಕೌಂಟರಿನ ಆಚೆ ನಿಂತವಳು ತಟ್ಟನೆ ಎರಡೂ ಕೈಗಳನ್ನು ಬೆನ್ನ ಹಿಂದೆ ಅಡಗಿಸಿಕೊಂಡಳು.

"ಪ್ಲಾಸ್ಟರ್ ಸರ್. ಆಸ್ಪತ್ರೇಲಿ ಕೃತಕ ಕಾಲು ಮಾಡ್ತೀನಿ. ಎಷ್ಟು ತೊಳೆದ್ರೂ ಉಗುರಿನ ಸಂದೀಲಿ ಉಳ್ಕೊಂಡಿರುತ್ತೆ. ಕೊಡಿ, ಒರೆಸಿಕೊಡ್ತೀನಿ."

"ಒರೆಸೋದು ಇರ್ಲಿ. ವಿದೇಶಿ ಭಾಷೆ ಕಲೀಬೇಕು ಅಂತ ಮೂರು ಪುಸ್ತಕ ತಗೊಂಡ್ಹೋದ್ರಿ, ಒಂದನ್ನೂ ಯಾಕೆ ಮುಗಿಸಿಲ್ಲ?"

ಕಳ್ಳತನದಲ್ಲಿ ಸಿಕ್ಕಿಬಿದ್ದಂತೆ ಅವಳು ತುಟಿ ಕಚ್ಚಿಕೊಂಡಳು. "ಮೂರರಲ್ಲೂ ಒಬ್ಬ ಮಹಾರಾಯ ಸ್ಟೇಷನ್ ಎಲ್ಲಿದೆ ಅಂತ ಕೇಳ್ತಾನೇ ಇರ್ತಾನೆ ಸರ್. ಅವನಿಗೆ ರೈಲು ಸಿಕ್ರೆಷ್ಟು, ಬಿಟ್ರೆಷ್ಟು? ನಂಗೆ ನಿದ್ದೆ ಬಂದ್ಬಿಡುತ್ತೆ."

ಅವನು ಗಟ್ಟಿಯಾಗಿ ನಕ್ಕ. 'ನಿಶ್ಶಬ್ದ' ಎಂಬ ಬೋರ್ಡಿನ ಕೆಳಗೆ ಕೂತು ಅಷ್ಟು ಜೋರಾಗಿ ಅವನು ನಕ್ಕಿದ್ದು ಅದೇ ಮೊದಲು.

ಅವಳಿಗೆ ಆ ಭಾಷೆ ಬೇಕೇಬೇಕಿತ್ತು. ಅವಳು ಮಾಡಿಕೊಡುವ ಕಾಲು ಎಳೆಯ ಮಕ್ಕಳಿಗೆ ವರ್ಷ ತುಂಬುವುದರೊಳಗೆ ಗಿಡ್ಡವಾಗುತ್ತಿತ್ತು. ಮಗು ಬೆಳೆದಂತೆ ಉದ್ದ ಮಾಡಬಹುದಾದ ಕಾಲಿನ ತಯಾರಿಯನ್ನು ಕಡಲಾಚೆಯ ಒಂದು ಸಂಸ್ಥೆ ಕಲಿಸುತ್ತಿತ್ತು. ಒಂದು ವರ್ಷದ ತರಬೇತಿ. ಹೋಗಬೇಕಾದರೆ ಭಾಷೆಯ ಪರೀಕ್ಷೆ ಪಾಸಾಗಬೇಕು. ಅವಕಾಶ ಎರಡೇ ಸಲ.

"ನಮ್ಮ ಭಾಷೇಲಿ ಏನು ಓದ್ತೀರಿ? ನಿಜ ಹೇಳ್ಬೇಕು," ಎಂದ ಅವನು.

"ನಗಬಾರದು ಮತ್ತೆ. ವಾರಪತ್ರಿಕೇಲಿ ಜನ ತಮ್ಮ ಕಷ್ಟ ಬರೆದು ಸಲಹೆ ಕೇಳ್ತಾರಲ್ಲ, ಆ ಪುಟ. ಪತ್ರಿಕೆ ಬಂದ ತಕ್ಷಣ ಮೊದಲು ಅದೇ."

ಅವನು ನಗಲಿಲ್ಲ. ಎದ್ದು ಹೋಗಿ ವಿದೇಶಿ ಪತ್ರಿಕೆಗಳ ಕಪಾಟಿನಿಂದ ಒಂದನ್ನು ತಂದು, ಕೊನೆಯ ಪುಟ ಬಿಡಿಸಿ ಅವಳ ಮುಂದಿಟ್ಟ. ಅಲ್ಲೂ ಪತ್ರಗಳು. ಅಲ್ಲೂ ಉತ್ತರ ಹೇಳುವ ಒಬ್ಬಳು ಅಜ್ಜಿ.

ಮುಂದಿನ ವಾರ ಅವಳು ಬಾಗಿಲಿನಿಂದಲೇ ಶುರು ಮಾಡಿದಳು. "ಸರ್, ಅಲ್ಲೂ ಅತ್ತೆ ಸೊಸೆಗೆ ಆಗಲ್ವಂತೆ! ಒಬ್ಬಳು ಅತ್ತೆ, ಸೊಸೆ ತೊಳೆದ ಪಾತ್ರೇನ ಮತ್ತೆ ತೊಳೀತಾಳಂತೆ. ಅಜ್ಜಿ ಏನಂದ್ಲು ಗೊತ್ತಾ? 'ಬಿಡು ಮಗಳೇ, ನಿನ್ನ ಕೆಲಸ ಕಡಿಮೆ ಆಯ್ತು' ಅಂದ್ಲು!"

ಈ ಸಲ ಬಿಳಿ ಗುರುತು ಕೊನೆಯ ಸಾಲಿನವರೆಗೂ ಇತ್ತು.

ಓದು ದಾರಿಗೆ ಬಂತು. ಕೇಳುವುದಕ್ಕೆಂದು ಅವನು ಆರು ರೇಡಿಯೋ ಕಾರ್ಯಕ್ರಮಗಳ ಪಟ್ಟಿ ಬರೆದುಕೊಟ್ಟ. ಮೊದಲು ಮಕ್ಕಳ ಕಥೆ, ಕೊನೆಗೆ ಸರಸರ ಮಾತಾಡುವ ಚರ್ಚೆ. ಕೇಳಿದ್ದಕ್ಕೆಲ್ಲ ಟಿಕ್ ಹಾಕಬೇಕು. ಜೊತೆಗೆ, ಎರಡು ವರ್ಷ ಆ ದೇಶದಲ್ಲಿ ಓದಿ ಬಂದವನಾದ್ದರಿಂದ, ಅಜ್ಜಿಯ ಪುಟವನ್ನು ತಾನೇ ಓದಿ ಫೋನಿನಲ್ಲಿ ರೆಕಾರ್ಡ್ ಮಾಡಿ ಕಳಿಸತೊಡಗಿದ.

"ಏನೋ, ಗೋಡೆ ಜೊತೆ ಮಾತಾಡ್ತಿದ್ದೀಯ?" ಎಂದಳು ಅವನ ಅಕ್ಕ, ರೂಮಿಗೆ ಇಣುಕಿ.

"ಪಾಠ ಅಕ್ಕಾ."

"ಪಾಠಕ್ಕೆ ಯಾರೋ ತಲೆ ಬಾಚ್ಕೊಂಡು ಕೂರ್ತಾರೆ?"

ಪರೀಕ್ಷೆಯ ಫಲಿತಾಂಶ ಬಂದ ಸಂಜೆ ಅವಳು ಕಾಗದವನ್ನು ಕೌಂಟರಿನ ಮೇಲಿಟ್ಟಳು. ಓದಿನಲ್ಲಿ ನೂರಕ್ಕೆ ತೊಂಬತ್ತೊಂದು. ಆಲಿಸುವುದರಲ್ಲಿ ಫೇಲು.

"ಅವರೆಲ್ಲ ಉಸಿರೂ ಬಿಡದೆ ಮಾತಾಡಿದ್ರು," ಎಂದಳು. "ನೀವು ಪ್ರತಿ ವಾಕ್ಯಕ್ಕೂ ನಿಲ್ಲಿಸ್ತೀರಲ್ಲ, ಹಾಗೆ ಯಾರೂ ನಿಲ್ಲಿಸ್ಲಿಲ್ಲ."

"ರೇಡಿಯೋ ಕೇಳಿದ್ರಲ್ಲ? ಆರಕ್ಕೂ ಟಿಕ್ ಹಾಕಿದ್ರಿ."

ಅವಳು ಉಗುರಿನ ಬಿಳಿಯನ್ನು ಕೆರೆಯುತ್ತಾ ನಿಂತಳು.

"ಒಂದೂ ಕೇಳಿಲ್ಲ. ವರ್ಕ್‌ಶಾಪಲ್ಲಿ ದಿನವಿಡೀ ನಿಮ್ದೇ ಹಾಕ್ಕೊಂಡಿರ್ತಿದ್ದೆ. ಬೇರೆಯವರ ದನಿ ಕೇಳೋಕೆ ಮನಸ್ಸೇ ಬರ್ಲಿಲ್ಲ."

ಅವನಿಗೂ ಒಂದು ತಪ್ಪು ಒಪ್ಪಿಕೊಳ್ಳುವುದಿತ್ತು. ಐದು ನಿಮಿಷದ ಪತ್ರವನ್ನು ಹತ್ತು ನಿಮಿಷಕ್ಕೆ ಎಳೆಯುತ್ತಿದ್ದುದು ಬರೀ ಪಾಠಕ್ಕಾಗಿ ಅಲ್ಲ. ತಾನು ಹೀಗೇ ಓದುತ್ತಾ ಹೋದರೆ ಅವಳು ಎರಡನೇ ಸಲವೂ ಫೇಲಾಗುತ್ತಾಳೆ. ಇಲ್ಲೇ, ಈ ಕೌಂಟರಿನ ಮುಂದೆಯೇ ಉಳಿಯುತ್ತಾಳೆ. ಆ ಯೋಚನೆ ಎಷ್ಟು ಹಿತವಾಗಿತ್ತೆಂದರೆ ಅವನಿಗೆ ತನ್ನ ಮೇಲೇ ನಾಚಿಕೆಯಾಯಿತು.

"ಇವತ್ತಿಂದ ನನ್ನ ಓದು ಬಂದ್," ಎಂದ.

"ಕೋಪಾನಾ?"

"ಅಲ್ಲ. ನಿಮ್ಮ ಮಕ್ಕಳ ಕಾಲು ಉದ್ದ ಆಗ್ಬೇಕಲ್ಲ."

ಎರಡು ದಿನ ಹುಡುಕಿ ಅವನು ಒಂದು ರೇಡಿಯೋ ಕಾರ್ಯಕ್ರಮ ಪತ್ತೆಹಚ್ಚಿದ. ಅದೇ ಅಜ್ಜಿಗೆ ಜನ ಫೋನ್ ಮಾಡಿ ಗೋಳು ಹೇಳಿಕೊಳ್ಳುವ ಕಾರ್ಯಕ್ರಮ. ಅಳು, ಜಗಳ, ಒಬ್ಬರ ಮಾತಿನ ಮೇಲೊಬ್ಬರ ಮಾತು. ಮೊದಲ ದಿನ ಅವಳಿಗೆ ತಲೆಬುಡ ಗೊತ್ತಾಗಲಿಲ್ಲ. ಆದರೂ, ಓಡಿಹೋದ ಗಂಡ ವಾಪಸ್ ಬಂದನೋ ಇಲ್ಲವೋ ತಿಳಿಯದೆ ಬಿಡುವುದುಂಟೇ? ಒಂದೊಂದನ್ನೂ ಐದೈದು ಸಲ ಕೇಳಿದಳು.

ಪಾಸಾದಳು.

ಹೊರಡುವ ಮುನ್ನ ಕೊನೆಯ ಪತ್ರಿಕೆಯನ್ನು ವಾಪಸ್ ಕೊಟ್ಟಳು. "ಬರ್ತೀನಿ ಸರ್," ಎಂದಳು. "ಹುಷಾರು," ಎಂದ ಅವನು. ಅವಳು ಹೋದ ಮೇಲೆ ನೋಡಿದರೆ ಕೊನೆಯ ಪುಟದಲ್ಲಿ ಬಿಳಿ ಹೆಬ್ಬೆರಳಿನ ಗುರುತಿತ್ತು. ಅವನು ಅದನ್ನು ಒರೆಸಲಿಲ್ಲ.

ಐದು ತಿಂಗಳಾದ ಮೇಲೆ ಬಂದ ಹೊಸ ಸಂಚಿಕೆಯಲ್ಲಿ, ರೂಢಿಯಂತೆ ಮೊದಲು ಕೊನೆಯ ಪುಟ ತೆರೆದ.

"ಅಜ್ಜಿ, ನಮ್ಮೂರಿನಲ್ಲಿ ಒಬ್ಬರಿದ್ದಾರೆ. ನಿಮ್ಮ ಪುಟವನ್ನು ನನಗಾಗಿ ನಿಧಾನವಾಗಿ ಓದುತ್ತಿದ್ದರು. ನಾನು ಪಾಸಾಗಲೆಂದು ಓದುವುದನ್ನೇ ನಿಲ್ಲಿಸಿದರು. ಅವರು ಮನಸ್ಸು ಬಿಚ್ಚಿ ಹೇಳುವವರೆಗೆ ಕಾಯಲೇ, ನಾನೇ ಹೇಳಿಬಿಡಲೇ? ಇಂತಿ, ಬಿಳಿ ಉಗುರಿನವಳು."

ಕೆಳಗೆ ಅಜ್ಜಿಯ ಉತ್ತರ. "ಮಗಳೇ, ಅಷ್ಟು ನಿಧಾನದವರನ್ನು ನಂಬಿ ಕೂತರೆ ನಿನಗೆ ನನ್ನ ವಯಸ್ಸಾದೀತು. ನೀನೇ ಹೇಳು. ಅಕಸ್ಮಾತ್ ಇದು ಅವರ ಕಣ್ಣಿಗೆ ಬಿದ್ದರೆ, ಅಯ್ಯಾ, ಬೇಗ ಬಾಯಿ ಬಿಡಪ್ಪ."

ಅವನು ಎರಡು ಸಲ ಓದಿದ. ಎದ್ದು, ಕಪಾಟುಗಳ ಸಾಲಿನ ಕೊನೆಗೆ ಹೋಗಿ ನಿಂತು, ಫೋನ್ ಬಾಯಿಯ ಹತ್ತಿರ ಹಿಡಿದ. ಹೇಳಬೇಕಾದ್ದನ್ನೆಲ್ಲ, ಉಸಿರೂ ಬಿಡದೆ, ಎಲ್ಲೂ ನಿಲ್ಲಿಸದೆ ಹೇಳಿ ಕಳಿಸಿದ. ಒಂಬತ್ತು ಸೆಕೆಂಡು.

ಉತ್ತರ ಬರಲು ಅದಕ್ಕಿಂತ ಸ್ವಲ್ಪವೇ ಹೆಚ್ಚು ಹೊತ್ತಾಯಿತು. ಹಿನ್ನೆಲೆಯಲ್ಲಿ ಯಾವುದೋ ಯಂತ್ರದ ಸದ್ದು, ಅದರ ಮೇಲೆ ಅವಳ ನಗು.

"ಎಲ್ಲಾ ಅರ್ಥ ಆಯ್ತು. ಹೂಂ ಅಂದೆ. ಈಗ ಅದನ್ನೇ ಇನ್ನೊಂದ್ಸಲ, ನಿಧಾನವಾಗಿ ಹೇಳಿ."